ಕಿಯಾಂಗನ್: ಬೆಟ್ಟ ಹತ್ತಿದವರ ಊರು

ಎಲ್ಲರಿಗೂ ನಮಸ್ಕಾರ. ಫಿಲಿಪ್ಪೀನ್ಸ್ ಅಂದರೆ ನಮ್ಮಲ್ಲಿ ಈಗ ಬಹಳ ಜನರಿಗೆ ನೆನಪಾಗುವುದು ಮೆಡಿಕಲ್ ಸೀಟು. ನಮ್ಮ ಕಡೆಯ ಎಷ್ಟೋ ಮಕ್ಕಳು ದಾವಾವೊದಲ್ಲಿ ಓದುತ್ತಾರೆ. ಅದು ದೇಶದ ದಕ್ಷಿಣದ ದೊಡ್ಡ ದ್ವೀಪದಲ್ಲಿದೆ. ನಾನು ಇವತ್ತು ಮಾತಾಡುವ ಊರು ಪೂರ್ತಿ ಎದುರು ದಿಕ್ಕಿಗೆ, ಉತ್ತರದ ಲುಜಾನ್ ದ್ವೀಪದ ಬೆಟ್ಟಗಳ ನಡುವೆ ಇದೆ. ಹೆಸರು ಕಿಯಾಂಗನ್. ಇಫುಗಾವೊ ಎಂಬ ಪ್ರಾಂತ್ಯಕ್ಕೆ ಸೇರಿದ್ದು.

ಇದು ಮುನಿಸಿಪಾಲಿಟಿ. ನಮ್ಮ ಪುರಸಭೆ ಅಂತ ತಿಳಿಯಬೇಡಿ. ಅಲ್ಲಿ ಮುನಿಸಿಪಾಲಿಟಿ ಅಂದರೆ ಹಳ್ಳಿ, ಗದ್ದೆ, ಕಾಡು ಎಲ್ಲ ಸೇರಿದ ಒಂದು ಆಡಳಿತದ ತುಂಡು. ಅದರೊಳಗೆ ಬರಂಗಾಯ್ ಎಂಬ ಚಿಕ್ಕ ಚಿಕ್ಕ ಘಟಕಗಳಿರುತ್ತವೆ. ಕಿಯಾಂಗನ್‌ನಲ್ಲಿ ಇಂಥ 14 ಬರಂಗಾಯ್‌ಗಳಿವೆ. ಜನಸಂಖ್ಯೆ 20 ಸಾವಿರಕ್ಕೂ ಕಡಿಮೆ. ಇಷ್ಟು ಚಿಕ್ಕ ಊರಿನ ಬಗ್ಗೆ ಒಂದು ಗಂಟೆ ಏನು ಮಾತಾಡುತ್ತಾನೆ ಅಂತ ನಿಮಗೆ ಅನ್ನಿಸಬಹುದು. ಆದರೆ ಈ ಊರಿಗೆ ಜನ ಯಾವಾಗ ಬಂದರು, ಯಾಕೆ ಬಂದರು ಅನ್ನುವುದರ ಮೇಲೆ ನೂರು ವರ್ಷದಿಂದ ಜಗಳ ನಡೆದಿದೆ. ಆ ಜಗಳವೇ ನನ್ನ ಇವತ್ತಿನ ವಿಷಯ.

ಮೊದಲು ನೆಲ ನೋಡೋಣ.

ಲುಜಾನ್‌ನ ಉತ್ತರ ಭಾಗದಲ್ಲಿ ಕಾರ್ಡಿಲ್ಲೆರಾ ಎಂಬ ಬೆಟ್ಟಸಾಲು ಉದ್ದಕ್ಕೆ ಹಬ್ಬಿದೆ. ಅದರ ತುತ್ತತುದಿ ಪುಲಾಗ್ ಶಿಖರ. ಎತ್ತರ 2,900 ಮೀಟರ್ ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಂತ ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಈ ಸಾಲಿನ ಪೂರ್ವದ ಇಳಿಜಾರಿನಲ್ಲಿ ಇಫುಗಾವೊ ಇದೆ. ಸಮುದ್ರವೇ ತಾಗದ ಪ್ರಾಂತ್ಯ. ಏಳು ಸಾವಿರಕ್ಕೂ ಜಾಸ್ತಿ ದ್ವೀಪಗಳಿರುವ ದೇಶದಲ್ಲಿ ಸಮುದ್ರ ಕಾಣದೆ ಬದುಕುವ ಜನ ಇವರು.

ಕಿಯಾಂಗನ್ ಈ ಪ್ರಾಂತ್ಯದ ದಕ್ಷಿಣದ ಕಡೆ ಬರುತ್ತದೆ. ಇಲ್ಲಿ ಇಬುಲಾವೊ ಎಂಬ ನದಿ ಹರಿಯುತ್ತದೆ. ಇದರ ನೀರು ಮಗಾತ್ ನದಿ ಸೇರುತ್ತದೆ. ಮಗಾತ್ ಹೋಗಿ ಕಗಾಯಾನ್ ಸೇರುತ್ತದೆ. ಕಗಾಯಾನ್ ಆ ದೇಶದ ಅತಿ ಉದ್ದದ ನದಿ, ಲುಜಾನ್‌ನ ಉತ್ತರ ತುದಿಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಈ ನೀರಿನ ದಾರಿಯನ್ನು ದಯವಿಟ್ಟು ತಲೆಯಲ್ಲಿ ಇಟ್ಟುಕೊಳ್ಳಿ. ನದಿಯ ಗುಂಟ ಕೆಳಗೆ ಇಳಿದರೆ ಮಗಾತ್ ಕಣಿವೆಯ ಅಗಲವಾದ ಬಯಲು. ಅದೇ ದಾರಿಯಲ್ಲಿ ಮೇಲೆ ಹತ್ತಿದರೆ ಕಡಿದಾದ ಇಳಿಜಾರು, ದಟ್ಟ ಕಾಡು, ಮಂಜು. ಯಾವಾಗ ಬಯಲಿನಲ್ಲಿ ಅಪಾಯ ಬಂತೋ ಆಗ ಜನ ಎಲ್ಲಿಗೆ ಓಡುತ್ತಾರೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಈ ಇಳಿಜಾರುಗಳಲ್ಲಿ ಮೆಟ್ಟಿಲು ಗದ್ದೆಗಳಿವೆ. ನೀವು ಫೋಟೋದಲ್ಲಿ ನೋಡಿಯೇ ಇರುತ್ತೀರಿ. ಕೆಲವು ಕಡೆ 1,500 ಮೀಟರ್ ಎತ್ತರದ ತನಕ ಗದ್ದೆ ಕಟ್ಟಿದ್ದಾರೆ. ಐದು ಕಡೆಯ ಗದ್ದೆಗಳನ್ನು ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಒಂದು ಕಿಯಾಂಗನ್‌ನ ನಗಾಕದಾನ್. ನಡುವೆ ನದಿ, ಎರಡೂ ಕಡೆ ಮೇಲೇರುವ ಗದ್ದೆಗಳ ಸಾಲು. ಒಂದು ತಮಾಷೆ ಏನೆಂದರೆ, ಪ್ರವಾಸಿಗರು ಬನಾವೆ ಎಂಬ ಊರಿನಲ್ಲಿ ನಿಂತು ಫೋಟೋ ತೆಗೆದುಕೊಳ್ಳುವ ಗದ್ದೆಗಳಿವೆಯಲ್ಲ, ಫಿಲಿಪ್ಪೀನ್ಸಿನ 20 ಪೆಸೊ ನೋಟಿನ ಮೇಲೂ ಬಂದ ಬನಾವೆ, ಆ ವ್ಯೂಪಾಯಿಂಟಿನ ಗದ್ದೆಗಳು ಯುನೆಸ್ಕೊ ಪಟ್ಟಿಯಲ್ಲಿ ಇಲ್ಲ! ಬನಾವೆಯ ಪೈಕಿ ಪಟ್ಟಿಯಲ್ಲಿರುವುದು ಬತಾದ್ ಮತ್ತು ಬಂಗಾಅನ್ ಎಂಬ ಹಳ್ಳಿಗಳು.

ಗದ್ದೆ ಕಟ್ಟುವ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಳಿಜಾರಿನ ಕೆಳಗಿನಿಂದ ಕಲ್ಲಿನ ಇಲ್ಲವೇ ಗಟ್ಟಿ ಮಣ್ಣಿನ ಗೋಡೆ ಎಬ್ಬಿಸುತ್ತಾರೆ. ಗೋಡೆಯ ಹಿಂದೆ ಕಲ್ಲುಜಲ್ಲಿ ತುಂಬುತ್ತಾರೆ. ಅದರ ಮೇಲೆ ನೀರು ಇಂಗದ ಹಾಗೆ ಜೇಡಿಮಣ್ಣು. ಎಲ್ಲಕ್ಕಿಂತ ಮೇಲೆ ಬೆಳೆ ಬರುವ ಫಲವತ್ತಾದ ಮಣ್ಣು. ನೀರು ಬರುವುದು ಬೆಟ್ಟದ ನೆತ್ತಿಯಿಂದ. ಗದ್ದೆಗಳ ಮೇಲ್ಗಡೆ ಒಂದೊಂದು ಮನೆತನಕ್ಕೂ ಒಂದು ಕಾಡಿನ ತುಂಡು ಇರುತ್ತದೆ. ಅದನ್ನು ಮುಯೋಂಗ್ ಅನ್ನುತ್ತಾರೆ. ಉತ್ತರ ಕನ್ನಡದ ತೋಟಿಗರಿಗೆ ಸೊಪ್ಪಿನ ಬೆಟ್ಟ ಇದ್ದ ಹಾಗೆ. ಸೌದೆ, ಮನೆಗೆ ಮರ, ಔಷಧಿ ಗಿಡ ಎಲ್ಲ ಅಲ್ಲಿಂದಲೇ. ಎಲ್ಲಕ್ಕಿಂತ ಮುಖ್ಯವಾಗಿ ಆ ಕಾಡು ಮಳೆನೀರನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ಮೇಲಿನ ಕಾಡು ಕಡಿದರೆ ಕೆಳಗಿನ ಗದ್ದೆ ಕುಸಿಯುತ್ತದೆ. ಟೈಫೂನ್ ಹೊಡೆಯುವ ನಾಡು ಬೇರೆ. ಹಾಗಾಗಿ ಒಬ್ಬನ ಗದ್ದೆಯ ಗೋಡೆ ಬಿದ್ದರೆ ಅದು ಅವನೊಬ್ಬನ ತಲೆನೋವಲ್ಲ, ಕೆಳಗಿನ ಎಲ್ಲರದ್ದೂ.

ಊರು ಅಂದರೂ ಅಲ್ಲಿ ಮನೆಗಳೆಲ್ಲ ಒಂದೇ ಕಡೆ ಒತ್ತಾಗಿ ಇರುತ್ತಿರಲಿಲ್ಲ. ಗದ್ದೆಗಳ ನಡುವೆ ಅಲ್ಲಿ ಐದು, ಇಲ್ಲಿ ಹತ್ತು. ಹಳೆಯ ಮನೆಗೆ ನಾಲ್ಕು ಕಂಬ. ಇಲಿ ಹತ್ತದಂತೆ ಕಂಬಕ್ಕೆ ಮರದ ದುಂಡು ಬಿಲ್ಲೆ ಸಿಕ್ಕಿಸಿರುತ್ತಾರೆ. ಮೇಲೆ ಕಡಿದಾದ ಹುಲ್ಲಿನ ಮಾಡು. ರಾತ್ರಿ ಏಣಿ ಎಳೆದುಕೊಂಡರೆ ಬಾಗಿಲು ಭದ್ರ. ಅಲ್ಲಿ ರಾಜ ಇರಲಿಲ್ಲ. ಸೈನ್ಯ ಇರಲಿಲ್ಲ. ಗದ್ದೆ ಜಾಸ್ತಿ ಇದ್ದವರಿಗೆ ಕದಂಗ್ಯಾನ್ ಅನ್ನುತ್ತಿದ್ದರು. ಅವರು ಊರಿಗೆ ಹಂದಿ ಕೊಯ್ಸಿ ಊಟ ಹಾಕಿದರೆ ಮಾತ್ರ ಆ ಮರ್ಯಾದೆ ಉಳಿಯುತ್ತಿತ್ತು. ಆಸ್ತಿಯ ದೊಡ್ಡ ಪಾಲು ಮೊದಲ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ. ಇದನ್ನು ಕೇಳಿ ಈ ಸಭೆಯಲ್ಲಿ ಕೆಲವರ ಹುಬ್ಬು ಏರಿದ್ದು ನನಗೆ ಕಾಣುತ್ತಿದೆ.

ಮನೆಗೆ ಬಂದವರಿಗೆ ಏನು ಕೊಡುತ್ತಾರೆ ಗೊತ್ತಾ? ಎಲೆ, ಅಡಿಕೆ, ಸುಣ್ಣ. ಹೌದು, ಸಾಕ್ಷಾತ್ ಎಲೆಯಡಿಕೆ. ಕಿಯಾಂಗನ್‌ನ ಮುದುಕರು ದಿನವಿಡೀ ಅದನ್ನು ಜಗಿಯುತ್ತಾರೆ. ಅದನ್ನು ಅವರು ನಮ್ಮಿಂದ ಕಲಿತರು ಅಂತ ಹೆಮ್ಮೆಪಡಲು ಹೋಗಬೇಡಿ. ಅಡಿಕೆ ಮರದ ಮೂಲವೇ ಆಗ್ನೇಯ ಏಷ್ಯಾದ ಕಡೆ ಅನ್ನುವುದು ವಿದ್ವಾಂಸರ ಅಭಿಪ್ರಾಯ. ಫಿಲಿಪ್ಪೀನ್ಸಿನ ಪಲಾವನ್ ದ್ವೀಪದ ದುಯೋಂಗ್ ಗುಹೆಯಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಒಂದು ಸಮಾಧಿ ಸಿಕ್ಕಿದೆ. ಅದರಲ್ಲಿ ಸುಣ್ಣ ತುಂಬಿದ ಚಿಪ್ಪು ಇತ್ತು. ಶಿರಸಿ, ಸಾಗರದ ಅಡಿಕೆಗೆ ಅಜ್ಜನ ಮನೆ ಆ ಕಡೆ ಇದ್ದರೂ ಇರಬಹುದು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಇಷ್ಟು ಕಷ್ಟದ ಜಾಗದಲ್ಲಿ ಯಾರು ಬಂದು ನೆಲೆಸಿದರು? ಯಾವಾಗ?

ಊರಿನವರ ಉತ್ತರ ಮೊದಲು ಕೇಳೋಣ. ಇಫುಗಾವೊ ಕಥೆಯ ಒಂದು ರೂಪ ಹೀಗಿದೆ. ಒಂದು ವರ್ಷ ಮಳೆಯೇ ಬರಲಿಲ್ಲ. ನದಿ ಬತ್ತಿತು. ಹಿರಿಯರು ಹೇಳಿದರು, ನದಿ ಸತ್ತಿದೆ, ಅದರ ಆತ್ಮವನ್ನು ಹುಡುಕಿ ಅಗೆಯಿರಿ ಅಂತ. ಮೂರು ದಿನ ಅಗೆದರು. ಒಮ್ಮೆಲೇ ನೀರು ಬುಗ್ಗೆಯಾಗಿ ಚಿಮ್ಮಿತು. ಜನ ಖುಷಿಪಟ್ಟು ಹಬ್ಬ ಮಾಡುವಷ್ಟರಲ್ಲಿ ಮಳೆಯೂ ಶುರುವಾಯಿತು. ನೀರು ಏರಿ ಏರಿ ಎಲ್ಲರನ್ನೂ ಮುಳುಗಿಸಿತು. ಉಳಿದವರು ಇಬ್ಬರೇ. ಅಮುಯಾವೊ ಬೆಟ್ಟದ ಮೇಲೆ ವಿಗನ್, ಕಲಾವಿತಾನ್ ಬೆಟ್ಟದ ಮೇಲೆ ಅವನ ತಂಗಿ ಬುಗಾನ್. ಬೆಂಕಿ ಇದ್ದದ್ದು ಬುಗಾನ್ ಹತ್ತಿರ ಮಾತ್ರ. ನೀರು ಇಳಿದ ಮೇಲೆ ಇಬ್ಬರೂ ಸೇರಿದರು. ಅವರ ಮಕ್ಕಳೇ ನಾವು ಅನ್ನುತ್ತಾರೆ ಇಫುಗಾವೊಗಳು. ಅವರಲ್ಲಿ ತುವಾಲಿ ಎಂಬ ಭಾಷೆ ಆಡುವ ಗುಂಪಿನವರು ತಮ್ಮ ಮೂಲ ಊರು ಹಳೆಯ ಕಿಯಾಂಗನ್ ಅಂತಲೇ ನಂಬುತ್ತಾರೆ. ಆ ಜಾಗ ಎಲ್ಲಿದೆ ಅಂತಲೂ ತೋರಿಸುತ್ತಾರೆ. ಮುಂಗಾಯಾಂಗ್ ಬರಂಗಾಯ್‌ನಲ್ಲಿ, ಇಬುಲಾವೊ ನದಿಯ ದಡದಲ್ಲಿ.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಒಂದೇ. ಪ್ರಳಯದ ಕಥೆ ಎಲ್ಲ ಕಡೆ ಇದೆ. ಆದರೆ ನೀರಿಗಾಗಿ ನೆಲ ಅಗೆಯುವುದರಿಂದ ಶುರುವಾಗುವ ಪ್ರಳಯ ಬೇರೆ ಎಲ್ಲಿದೆ? ನೀರು ತಿರುಗಿಸುವುದನ್ನೇ ಬದುಕು ಮಾಡಿಕೊಂಡ ಜನರ ಕಥೆ ಇದು.

ಎರಡನೇ ಉತ್ತರ ಅಮೆರಿಕನ್ನರದ್ದು. 1898ರ ನಂತರ ಫಿಲಿಪ್ಪೀನ್ಸ್ ಅವರ ಕೈಗೆ ಬಂತು. ಬೆಟ್ಟದ ಊರುಗಳಿಗೆ ಮೇಷ್ಟ್ರುಗಳನ್ನು ಕಳಿಸಿದರು. ಅವರಲ್ಲಿ ಹೆನ್ರಿ ಓಟ್ಲಿ ಬೇಯರ್ ಒಬ್ಬರು. ರಾಯ್ ಫ್ರಾಂಕ್ಲಿನ್ ಬಾರ್ಟನ್ ಇನ್ನೊಬ್ಬರು, ಇವರು ಕಿಯಾಂಗನ್‌ನಲ್ಲೇ ಹಲವು ವರ್ಷ ಇದ್ದರು. ಪಾಠ ಹೇಳಲು ಬಂದವರು ಜನರ ರೀತಿ ರಿವಾಜು ಬರೆದುಕೊಳ್ಳುತ್ತಾ ಮಾನವಶಾಸ್ತ್ರಜ್ಞರೇ ಆಗಿಬಿಟ್ಟರು. ಇಬ್ಬರೂ ಗದ್ದೆಗಳನ್ನು ನೋಡಿ ಬೆರಗಾದರು. ಇಷ್ಟು ಕಟ್ಟಲು ಎರಡು, ಮೂರು ಸಾವಿರ ವರ್ಷ ಬೇಕು ಅಂದರು. ಅದಕ್ಕೆ ಅಗೆತದ ಆಧಾರ ಇರಲಿಲ್ಲ. ಗದ್ದೆಗಳ ಗಾತ್ರ ನೋಡಿ ಹಾಕಿದ ಲೆಕ್ಕ ಅದು. ಆದರೂ ಅದೇ ಪಠ್ಯಪುಸ್ತಕಕ್ಕೆ ಬಂತು. ಯುನೆಸ್ಕೊ ವಿವರಣೆಯಲ್ಲೂ 2,000 ವರ್ಷ ಅಂತಲೇ ಇದೆ. ಪ್ರವಾಸದ ಪೋಸ್ಟರಿನಲ್ಲಂತೂ ಕೇಳಲೇಬೇಡಿ.

ಇದರ ಜೊತೆಗೆ ಇನ್ನೊಂದು ಮಾತು ಸುಮ್ನೆ ಅಂಟಿಕೊಂಡಿತು. ಬೆಟ್ಟದವರು ಅಂದರೆ ಕಾಲ ಮರೆತು ಹಾಗೇ ಉಳಿದುಬಿಟ್ಟವರು. ಬಯಲಿನವರು ಬದಲಾದರು, ಇವರು ಬದಲಾಗಲಿಲ್ಲ. ಹೊಗಳಿಕೆಯಂತೆ ಕೇಳಿಸುತ್ತದೆ. ನನ್ನ ಪ್ರಕಾರ ಇದು ಬೈಗುಳ.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರು ಮಾನವಶಾಸ್ತ್ರಜ್ಞ ಫೆಲಿಕ್ಸ್ ಕೀಸಿಂಗ್, 1962ರಲ್ಲಿ. ಅವರು ಸ್ಪ್ಯಾನಿಷ್ ಪಾದ್ರಿಗಳ, ಅಧಿಕಾರಿಗಳ ಹಳೆಯ ಬರಹಗಳನ್ನು ಜಾಲಾಡಿದರು. ಅವರಿಗೆ ಕಂಡದ್ದು ಬೇರೆಯೇ. ಸ್ಪ್ಯಾನಿಷರು 1571ರಲ್ಲಿ ಮನಿಲಾ ಹಿಡಿದರು. 1591ರಲ್ಲಿ ಅವರ ಒಂದು ದಂಡು ಮಗಾತ್ ಕಣಿವೆಗೆ ಬಂತು. ಚಿನ್ನ ಸಿಗಬಹುದು ಅನ್ನುವ ಆಸೆ ಇತ್ತು, ಕಪ್ಪ ವಸೂಲಿ ಇತ್ತು, ಮತಾಂತರ ಇತ್ತು. ಚದುರಿಕೊಂಡಿದ್ದ ಜನರನ್ನು ಎಬ್ಬಿಸಿ ಚರ್ಚಿನ ಸುತ್ತ ಒಂದೇ ಊರಿನಲ್ಲಿ ಕೂರಿಸುವುದು ಅವರ ಪದ್ಧತಿ. ಗಂಟೆ ಕೇಳುವಷ್ಟು ದೂರದಲ್ಲಿ ಇರಬೇಕು. ಹಾಗಿದ್ದರೆ ತಾನೇ ಲೆಕ್ಕ ಹಿಡಿಯಲು, ತೆರಿಗೆ ಹಾಕಲು, ಬಿಟ್ಟಿ ದುಡಿಸಲು ಆಗುವುದು? 18ನೇ ಶತಮಾನದಲ್ಲಿ ಅದೇ ಕಣಿವೆಯ ಬಾಯೊಂಬೊಂಗ್, ಬಗಾಬಗ್ ಮೊದಲಾದ ಕಡೆ ಇಂಥ ಊರುಗಳು ನೆಲೆಯೂರಿದವು. ಕೀಸಿಂಗ್ ಹೇಳಿದ್ದು ಇಷ್ಟೇ. ಈ ಒತ್ತಡ ತಾಳಲಾರದೆ ಬಯಲಿನ ಜನ ಬೆಟ್ಟ ಹತ್ತಿದರು. ಗದ್ದೆ ಕಟ್ಟಿದ್ದು ಆಮೇಲೆ.

ಆಗ ಇದು ಒಂದು ಊಹೆ ಮಾತ್ರ. ಮಣ್ಣಿನಿಂದ ಸಾಕ್ಷಿ ಬರಬೇಕಿತ್ತು.

ಸಾಕ್ಷಿ ತಂದವರು ಪುರಾತತ್ತ್ವಜ್ಞ ಸ್ಟೀಫನ್ ಅಕಬಾಡೊ. ಫಿಲಿಪ್ಪೀನ್ಸ್ ಮೂಲದವರು, ಈಗ ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಮೊದಲು ಬನಾವೆಯ ಗದ್ದೆಗಳ ಗೋಡೆಯಡಿಯ ಇದ್ದಿಲನ್ನು, ಅದು ಎಷ್ಟು ಹಳೆಯದು ಅಂತ ತಿಳಿಸುವ ರೇಡಿಯೊಕಾರ್ಬನ್ ಪರೀಕ್ಷೆಗೆ ಹಾಕಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. 2,000 ವರ್ಷದ ಸುಳಿವಿಲ್ಲ. ಗದ್ದೆಗಳು ಹರಡಿದ್ದು ಸ್ಪ್ಯಾನಿಷರು ಬಂದ ನಂತರದ ಕಾಲಕ್ಕೆ ಹೊಂದುತ್ತಿತ್ತು. ಆಮೇಲೆ 2012ರಿಂದ ಅವರ ತಂಡ ಹಳೆಯ ಕಿಯಾಂಗನ್‌ನಲ್ಲೇ ಅಗೆಯತೊಡಗಿತು. ಅದೇ ಮುಂಗಾಯಾಂಗ್, ಅದೇ ನದಿ ದಡ. ಊರವರು ಬೆರಳು ಮಾಡಿ ತೋರಿಸುತ್ತಿದ್ದ ಜಾಗ.

ಅಲ್ಲಿ ಏನು ಸಿಕ್ಕಿತು? ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಇದೇ ಸ್ವಾರಸ್ಯ.

ಮೊದಲನೆಯದಾಗಿ ಊರವರ ಮಾತು ಸುಳ್ಳಲ್ಲ. ಅಲ್ಲಿ ನಿಜವಾಗಿ ಹಳೆಯ ಊರು ಇತ್ತು. ಸುಮಾರು ಸಾವಿರ ವರ್ಷಗಳ ಹಿಂದಿನಿಂದ ಜನ ವಾಸವಿದ್ದ ಗುರುತು ಸಿಕ್ಕಿತು. ಮನೆಗಳ ಜಾಗದಲ್ಲಿ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತ ಸಮಾಧಿಗಳಿದ್ದವು. ಹಾಗಾಗಿ ಬೆಟ್ಟ ಮೊದಲು ಖಾಲಿ ಇತ್ತು, ಸ್ಪ್ಯಾನಿಷರಿಗೆ ಹೆದರಿ ಓಡಿಬಂದವರೇ ಮೊದಲಿಗರು ಅಂತಲೂ ಹೇಳುವಂತಿಲ್ಲ. ಕೀಸಿಂಗ್ ಮಾತನ್ನು ಅಷ್ಟು ತಿದ್ದಿಕೊಳ್ಳಬೇಕು.

ಎರಡನೆಯದು ಊಟದ ವಿಷಯ. ಆ ಹಳೆಯ ಪದರಗಳಲ್ಲಿ ಅಕ್ಕಿ ಇಲ್ಲ. ಇದ್ದದ್ದು ಕೆಸು. ನಮ್ಮ ಪತ್ರೊಡೆಯ ಕೆಸು, ಗೆಡ್ಡೆ ಬೇಯಿಸಿ ತಿನ್ನುವ ಕೆಸು. ನೀರು ನಿಲ್ಲುವ ಸಣ್ಣ ಹೊಂಡಗಳಲ್ಲಿ, ತೊರೆಯ ಪಕ್ಕದಲ್ಲಿ ಅದನ್ನು ಬೆಳೆಯುತ್ತಿದ್ದರು. ಬೆಟ್ಟದಲ್ಲಿ ಕಾಡು ಸುಟ್ಟು ಮಾಡುವ ಕುಮರಿ ಬೇಸಾಯ ಬೇರೆ. ನಾಟಿ ಮಾಡುವ ಭತ್ತ ಕಾಣಿಸಿಕೊಳ್ಳುವುದು 1650ರ ಆಸುಪಾಸಿನಲ್ಲಿ. ಆಮೇಲೆ ಬೇಗ ಬೇಗ ಹರಡುತ್ತದೆ. ಕೆಳಗಿನ ಕಣಿವೆಯಲ್ಲಿ ಸ್ಪ್ಯಾನಿಷರ ಕಾಟ ಜೋರಾಗುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ.

ಮೂರನೆಯದು ವ್ಯಾಪಾರ. ಬೆಟ್ಟದ ಮೂಲೆಯಲ್ಲಿ ಮುದುಡಿ ಕುಳಿತವರ ಊರಿನಲ್ಲಿ ಚೀನಾದ ಪಿಂಗಾಣಿ ಚೂರು ಯಾಕೆ ಸಿಗಬೇಕು? ಸಿಕ್ಕಿತು. ಗಾಜಿನ ಮಣಿಗಳು ಸಿಕ್ಕವು. ಅದೂ ಭತ್ತ ಬಂದ ಕಾಲದ ಪದರಗಳಲ್ಲಿ ಜಾಸ್ತಿ. ಅಂದರೆ ಇವರು ಸ್ಪ್ಯಾನಿಷರ ಆಳ್ವಿಕೆಗೆ ಬೆನ್ನು ತಿರುಗಿಸಿದರು, ಸಂತೆಗೆ ಬೆನ್ನು ತಿರುಗಿಸಲಿಲ್ಲ.

ಈಗ ನೋಡಿ, ಜಗಳ ಎಲ್ಲಿದೆ ಅಂತ. ನಮ್ಮ ಗದ್ದೆ 2,000 ವರ್ಷ ಹಳೆಯದು ಅಂತ ಹೆಮ್ಮೆಯಿಂದ ಹೇಳಿಕೊಂಡು ಬೆಳೆದ ಮಕ್ಕಳಿಗೆ, ಇಲ್ಲಪ್ಪ ಬರೀ 400 ವರ್ಷ ಅಂದರೆ ಹೇಗಾಗಬೇಡ? ಏನೋ ಕಿತ್ತುಕೊಂಡ ಹಾಗಾಗುತ್ತದೆ. ಎಲ್ಲ ವಿದ್ವಾಂಸರೂ ಈ ಹೊಸ ಲೆಕ್ಕವನ್ನು ಪೂರ್ತಿ ಒಪ್ಪಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಇನ್ನೂ ಅಗೆಯದ ಗದ್ದೆಗಳೇ ಜಾಸ್ತಿ.

ಆದರೆ ನನಗೆ ಹೊಸ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಎರಡು ಸಾವಿರ ವರ್ಷದಲ್ಲಿ ಒಂದೊಂದೇ ಕಲ್ಲಿಟ್ಟು ಗದ್ದೆ ಕಟ್ಟುವುದು ತಾಳ್ಮೆಯ ಕೆಲಸ, ಸರಿ. ಕೆಲವೇ ತಲೆಮಾರಿನಲ್ಲಿ, ಕೆಳಗೆ ಶತ್ರು ಕಾಯುತ್ತಿರುವಾಗ, ಹೊಸದಾಗಿ ಬಂದವರನ್ನೂ ಸೇರಿಸಿಕೊಂಡು, ರಾಜನ ಅಪ್ಪಣೆ ಇಲ್ಲದೆ ಬೆಟ್ಟಕ್ಕೆ ಬೆಟ್ಟವನ್ನೇ ಗದ್ದೆ ಮಾಡುವುದಕ್ಕೆ ಎಂಥ ಒಗ್ಗಟ್ಟು ಬೇಕು ಯೋಚಿಸಿ. ಆಳು ಬೇಕು. ಆಳಿಗೆ ಊಟ ಹಾಕುವವರು ಬೇಕು. ನೀರಿನ ಸರದಿ ಹಂಚಬೇಕು. ಯಾವತ್ತು ಬಿತ್ತಬೇಕು, ಯಾವತ್ತು ಕೊಯ್ಯಬೇಕು ಅಂತ ಹೇಳುವ ಒಬ್ಬ ಹಿರಿಯ ಬೇಕು. ಅಲ್ಲಿ ತೊಮೊನಾ ಅಂತ ಒಬ್ಬರು ಇದ್ದೇ ಇರುತ್ತಿದ್ದರು. ಅವರ ಗದ್ದೆಯಲ್ಲಿ ಕೆಲಸ ಶುರುವಾಗದೆ ಬೇರೆಯವರು ಕೈ ಹಾಕುವಂತಿಲ್ಲ. ಪೂಜೆ ಮಾಡಿಸುವವರು ಮುಂಬಾಕಿ. ಕಣಜದಲ್ಲಿ ಕಾವಲಿಗೆ ಬುಲುಲ್ ಎಂಬ ಮರದ ಮೂರ್ತಿ. ಕೊಯ್ಲಿನಲ್ಲಿ ಹೆಂಗಸರು ಹಾಡುವ ಹುಡ್‌ಹುಡ್. ಇದನ್ನೆಲ್ಲ ನಾವು ಜಾನಪದ ಅಂತ ಒಂದು ಡಬ್ಬಿಗೆ ಹಾಕಿ ಮುಚ್ಚಿಡುತ್ತೇವೆ. ಕಿಯಾಂಗನ್‌ನಲ್ಲಿ ಅದೇ ಆಡಳಿತವಾಗಿತ್ತು.

ಸ್ಪ್ಯಾನಿಷರಿಗೆ ಇದರ ಬಿಸಿ ಚೆನ್ನಾಗಿ ಗೊತ್ತಾಯಿತು. ಮತ್ತೆ ಮತ್ತೆ ದಂಡು ಕಳಿಸಿದರು. ಊರು ಸುಟ್ಟರು. ವಾಪಸ್ ಹೋದರು. ಇಫುಗಾವೊಗಳೂ ಕಣಿವೆಗೆ ಇಳಿದು ದಾಳಿ ಮಾಡುತ್ತಿದ್ದರು, ತಲೆ ಕಡಿದು ಒಯ್ಯುತ್ತಿದ್ದರು. ಅವರನ್ನು ಸಾಧುಗಳು ಅಂತ ಬಣ್ಣಿಸುವುದು ಬೇಡ. 19ನೇ ಶತಮಾನದ ಕೊನೆಯ ಭಾಗದಲ್ಲಿ ಹುವಾನ್ ವಿಲ್ಲಾವೆರ್ದೆ ಎಂಬ ಡೊಮಿನಿಕನ್ ಪಾದ್ರಿ ಈ ಕಡೆ ಬಹಳ ಕೆಲಸ ಮಾಡಿದರು. ದಾರಿಗಳನ್ನು ಕಡಿಸಿದರು. ಬೆಟ್ಟದವರನ್ನು ಕೆಳಗಿಳಿಸಿ ಬಯಲಿನಲ್ಲಿ ಕೂರಿಸಲು ನೋಡಿದರು. ಅಂತೂ 1890ರ ಹೊತ್ತಿಗೆ ಕಿಯಾಂಗನ್‌ನಲ್ಲಿ ಸ್ಪ್ಯಾನಿಷರ ಮಿಲಿಟರಿ ಠಾಣೆ ಬಂತು. ಹತ್ತು ವರ್ಷದೊಳಗೆ ಅವರ ಸಾಮ್ರಾಜ್ಯವೇ ಅಲ್ಲಿಂದ ಎದ್ದುಹೋಯಿತು. ಮುನ್ನೂರು ವರ್ಷದ ಆಳ್ವಿಕೆಯಲ್ಲಿ ಇವರ ಕೈಗೆ ಸಿಕ್ಕಿದ್ದು ಬಾಲದ ತುದಿ ಮಾತ್ರ.

ಅಮೆರಿಕನ್ನರ ಕಾಲದಲ್ಲಿ ರಸ್ತೆ, ಶಾಲೆ ಬಂದವು. ಅದನ್ನು ಬೇಗ ದಾಟುತ್ತೇನೆ. ಎರಡನೇ ಮಹಾಯುದ್ಧದ ಒಂದು ಸಂಗತಿ ಮಾತ್ರ ಹೇಳಬೇಕು. ಜಪಾನಿನ ಸೇನಾಪತಿ ತೊಮೊಯುಕಿ ಯಮಾಶಿತ ಸೋಲುತ್ತಾ ಸೋಲುತ್ತಾ ಕೊನೆಗೆ ಬಂದು ಸೇರಿದ್ದು ಇದೇ ಬೆಟ್ಟಗಳನ್ನು. 1945ರ ಸೆಪ್ಟೆಂಬರ್ 2ರಂದು ಕಿಯಾಂಗನ್‌ನಲ್ಲಿ ಶರಣಾದರು. ಮರುದಿನ ಬಾಗಿಯೊ ಎಂಬ ಬೆಟ್ಟದ ನಗರದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಆಯಿತು. ಅಡಗಲು ಈ ಜಾಗ ಎಷ್ಟು ಒಳ್ಳೆಯದು ಅಂತ ಅವರೂ ಕಂಡುಕೊಂಡಿದ್ದರು. ಆದರೆ ಆ ಬೆಟ್ಟದಲ್ಲಿ ಅಷ್ಟು ದೊಡ್ಡ ಸೈನ್ಯ ಬದುಕುವುದು ಅಂದರೆ ಊರವರ ಭತ್ತ, ಹಂದಿ, ಗೆಣಸು ಎಲ್ಲ ಖಾಲಿ. ಜನ ಬಹಳ ನರಳಿದರು.

1966ರಲ್ಲಿ ಇಫುಗಾವೊ ಬೇರೆ ಪ್ರಾಂತ್ಯವಾಯಿತು. ಈಗ ರಾಜಧಾನಿ ಪಕ್ಕದ ಲಗಾವೆ, ಅದು ಒಂದು ಕಾಲದಲ್ಲಿ ಕಿಯಾಂಗನ್‌ನದೇ ಭಾಗ. 1992ರಲ್ಲಿ ಅಸಿಪುಲೊ ಕೂಡ ಬೇರೆಯಾಯಿತು. ಹಾಗಾಗಿ ನಕ್ಷೆಯಲ್ಲಿ ಕಾಣುವ ಇವತ್ತಿನ ಕಿಯಾಂಗನ್ ಹಳೆಯದರ ಒಂದು ಚೂರು. ಹಳೆಯ ಬರಹ ಓದುವಾಗ ಇದು ನೆನಪಿರಲಿ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಈಗಲೂ ಆ ಗದ್ದೆ ಮಾಡುತ್ತಾರಾ ಸಾರ್, ಇಲ್ಲ ಬರೀ ಫೋಟೋಗಾ?"

ಮಾಡುತ್ತಾರೆ. ಆದರೆ ಕಷ್ಟದಲ್ಲಿ. ಅಲ್ಲಿನ ನಾಟಿ ತಳಿಗೆ ತಿನವೊನ್ ಅನ್ನುತ್ತಾರೆ. ವರ್ಷಕ್ಕೆ ಒಂದೇ ಬೆಳೆ. ಹೆಂಗಸರು ತೆನೆ ತೆನೆ ಹಿಡಿದು ಸಣ್ಣ ಕತ್ತಿಯಲ್ಲಿ ಕೊಯ್ಯುತ್ತಾರೆ. ಟ್ರಾಕ್ಟರ್ ಹತ್ತುವ ಜಾಗವಲ್ಲ. ಓದಿದ ಮಕ್ಕಳು ಮನಿಲಾಗೋ, ಬಾಗಿಯೊಗೋ, ವಿದೇಶಕ್ಕೋ ಹೋಗುತ್ತಾರೆ. ಗೋಡೆ ಕುಸಿದರೆ ಎತ್ತಲು ಆಳಿಲ್ಲ. 2001ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ಅಪಾಯದಲ್ಲಿರುವ ಪಟ್ಟಿಗೆ ಹಾಕಿತು. ರಿಪೇರಿ ನಡೆದು 2012ರಲ್ಲಿ ಅಲ್ಲಿಂದ ತೆಗೆದರು. ನಡುವೆ 2010ರಲ್ಲಿ ಅಂಬಂಗಾಲ್ ಎಂಬಲ್ಲಿ 200 ಕಿಲೋವ್ಯಾಟ್‌ನ ಸಣ್ಣ ಜಲವಿದ್ಯುತ್ ಘಟಕ ಶುರುವಾಯಿತು. ಕರೆಂಟು ಮಾರಿ ಬಂದ ಹಣವನ್ನು ಗದ್ದೆಗಳ ದುರಸ್ತಿಗೆ ಬಳಸುವ ಏರ್ಪಾಡು.

ಇನ್ನೊಬ್ಬರು, ಹೆಂಗಸು, ಹಿಂದಿನ ಸಾಲಿನಿಂದ ಕೇಳಿದರು. "ಮಕ್ಕಳನ್ನ ಹೂತ ಮಡಕೆ ಎಲ್ಲ ಅಗೆದು ತೆಗೆದರಲ್ಲ, ಊರವರು ಸುಮ್ಮನಿದ್ದರಾ?"

ಅಕಬಾಡೊ ತಂಡ ಒಂಟಿಯಾಗಿ ಹೋಗಿ ಅಗೆಯಲಿಲ್ಲ ಅಂತ ನಾನು ಹೇಳಿದೆ. ಕಿಯಾಂಗನ್‌ನಲ್ಲೇ ಗದ್ದೆಗಳ ಉಳಿವಿಗೆ ಕೆಲಸ ಮಾಡುವ ಒಂದು ಸ್ಥಳೀಯ ಸಂಸ್ಥೆ ಇದೆ. ಅದರ ಮುಂದಾಳು ಮಾರ್ಲನ್ ಮಾರ್ಟಿನ್ ಇಫುಗಾವೊದವರೇ. ಎಲ್ಲಿ ಅಗೆಯಬೇಕು, ಯಾರನ್ನು ಕೇಳಬೇಕು, ಸಿಕ್ಕಿದ್ದನ್ನು ಹೇಗೆ ಹೇಳಬೇಕು ಅನ್ನುವುದರಲ್ಲಿ ಅವರದ್ದೂ ಪಾಲಿದೆ. ಇಬ್ಬರೂ ಸೇರಿ ಬರೆಯುತ್ತಾರೆ. ಪೂರ್ವಜರ ಮೂಳೆ ಅಂದರೆ ಅಲ್ಲಿ ಸಣ್ಣ ವಿಷಯವಲ್ಲ. ಸತ್ತವರ ಮೂಳೆಗಳನ್ನು ಹೊರತೆಗೆದು, ಹೊಸ ಬಟ್ಟೆ ಸುತ್ತಿ, ಊರಿಗೆ ಊಟ ಹಾಕುವ ಪದ್ಧತಿ ಇವರಲ್ಲಿ ಇದೆ. ಮೂಳೆ ಮುಟ್ಟುವುದು ತಪ್ಪಲ್ಲ, ಯಾರು ಮುಟ್ಟುತ್ತಾರೆ, ಕೇಳಿ ಮುಟ್ಟುತ್ತಾರಾ ಅನ್ನುವುದು ಮುಖ್ಯ.

ಕೊನೆಗೆ ಹೋಗುವ ದಾರಿ ಕೇಳಿದರು. ಮನಿಲಾದಿಂದ ಬನಾವೆ ಕಡೆಗೆ ರಾತ್ರಿ ಬಸ್ಸುಗಳಿವೆ. ಲಗಾವೆಯಲ್ಲಿ ಇಳಿದು ಜೀಪ್ನಿ, ಅಂದರೆ ಜೀಪಿನಂಥ ಸಣ್ಣ ಬಸ್ಸು, ಹಿಡಿದರೆ ಕಿಯಾಂಗನ್ ಹತ್ತಿರವೇ. ಬನಾವೆಯ ಗದ್ದಲ ಇಲ್ಲಿ ಇಲ್ಲ. ನಗಾಕದಾನ್‌ಗೆ ಊರಿನ ಗೈಡ್ ಕರೆದುಕೊಂಡೇ ಹೋಗಿ, ಬದುವಿನ ಮೇಲೆ ನಡೆಯುವಾಗ ಒಂದು ಕಡೆ ನೀರು, ಇನ್ನೊಂದು ಕಡೆ ಎರಡು ಆಳು ಎತ್ತರದ ಗೋಡೆ. ಜೇಬಿನಲ್ಲಿ ನಾಲ್ಕು ಅಡಿಕೆ ಇಟ್ಟುಕೊಂಡರೆ ಹಿರಿಯರ ಜೊತೆ ಮಾತಿಗೆ ಕೂರುವುದು ಸುಲಭ. ಆದರೆ ಇಲ್ಲಿಂದ ಒಯ್ಯಬೇಡಿ, ಕಸ್ಟಮ್ಸ್‌ನವರು ಬಿಡಲಿಕ್ಕಿಲ್ಲ. ಅಲ್ಲಿನ ಸಂತೆಯಲ್ಲೇ ಸಿಗುತ್ತದೆ.